ಇದಕ್ಕಿಂತ ಚೀಟಿ ಎತ್ತುವುದೇ ವಾಸಿ

ಯೂರೋಪಿಯನ್ ಒಕ್ಕೂಟ ತನ್ನ ಸಣ್ಣ ಕಂಪನಿಗಳಿಗೆ ಕೊಡುವ ಅನುದಾನದ ಬಗ್ಗೆ ನನ್ನ ತಕರಾರು ಒಂದೇ. ಹೊಸದನ್ನು ಮಾಡುವವರಿಗೆಂದು ಎತ್ತಿಟ್ಟ ದುಡ್ಡು, ಹೊಸದನ್ನು ಮಾಡುತ್ತೇವೆಂದು ಚೆನ್ನಾಗಿ ಬರೆಯಬಲ್ಲವರ ಪಾಲಾಗುತ್ತಿದೆ. ಎರಡೂ ಕೆಲಸ ಬಲ್ಲವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಒಳ್ಳೆಯ ಅಡುಗೆಯವನೇ ಒಳ್ಳೆಯ ಮಾತುಗಾರನೂ ಆಗಿರುವುದುಂಟು. ಆದರೆ ಮದುವೆಗೆ ಅಡುಗೆಯವರನ್ನು ಗೊತ್ತುಮಾಡುವಾಗ ನಾವು ಭಾಷಣ ಸ್ಪರ್ಧೆ ಇಡುವುದಿಲ್ಲವಲ್ಲ.

ಸಾಹಿತ್ಯ ಓದುವವರಿಗೆ ಈ ವಿಷಯ ಯಾಕೆ ಎಂದು ಕೇಳಬಹುದು. ನಾನು ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ, ಸರ್ಕಾರಿ ಕಾಗದಪತ್ರಗಳ ಭಾಷೆ. ಸ್ಕಾಲರ್‌ಶಿಪ್ಪು ತಿಂಗಳ ಕೊನೆಯ ವಾರದವರೆಗೆ ಬಾಳುತ್ತಿರಲಿಲ್ಲ. ಹಾಗಾಗಿ ಎರಡು ವರ್ಷ, ವಾರಕ್ಕೆ ಕೆಲವು ಗಂಟೆ, ಕಂಪನಿಗಳ ಪರವಾಗಿ ಅನುದಾನದ ಅರ್ಜಿ ಬರೆದುಕೊಡುವ ಒಂದು ಸಲಹಾ ಸಂಸ್ಥೆಯಲ್ಲಿ ಇಂಗ್ಲಿಷ್ ತಿದ್ದುವ ಕೆಲಸ ಮಾಡಿದೆ. ತಿದ್ದುತ್ತ ತಿದ್ದುತ್ತ ನನಗೆ ಅನ್ನಿಸಿದ್ದು, ಇದು ಕಾದಂಬರಿ, ನಾಟಕ, ಪ್ರಬಂಧಗಳ ಹಾಗೆ ತನ್ನದೇ ವ್ಯಾಕರಣವಿರುವ ಒಂದು ಸಾಹಿತ್ಯ ಪ್ರಕಾರ. ಯಾವ ವಿಮರ್ಶಕನೂ ಇದನ್ನು ಓದುವುದಿಲ್ಲ. ಓದುವವರು ನಾಲ್ಕು ಜನ, ಆಮೇಲೆ ಕಡತ ಮುಚ್ಚುತ್ತದೆ. ಆ ನಾಲ್ಕು ಜನರ ಓದಿನ ಮೇಲೆ ಇಪ್ಪತ್ತೈದು ಲಕ್ಷ ಯೂರೋ ನಿಂತಿರುತ್ತದೆ. ಜಗತ್ತಿನಲ್ಲಿ ಇಷ್ಟು ಸಂಭಾವನೆ ಇರುವ ಗದ್ಯ ಇನ್ನೊಂದಿರಲಾರದು.

ಈ ಪ್ರಕಾರದ ಕಾಲ ಸದಾ ಭವಿಷ್ಯತ್ಕಾಲ. ಮೊದಲ ಪುಟದಲ್ಲಿ ಜಗತ್ತಿಗೊಂದು ಸಂಕಟ ಇರಲೇಬೇಕು: ಪ್ಲಾಸ್ಟಿಕ್ಕು, ಸಕ್ಕರೆ ಕಾಯಿಲೆ, ಇಂಗಾಲ. ಎರಡನೇ ಪುಟಕ್ಕೆ ನಾಯಕ ಬರುತ್ತಾನೆ, ಅಂದರೆ ಕಂಪನಿ. ಪ್ರತಿನಾಯಕರು ಒಂದು ಕೋಷ್ಟಕದಲ್ಲಿ ಸಾಲಾಗಿ ನಿಂತಿರುತ್ತಾರೆ. ಪ್ರತಿ ಸ್ಪರ್ಧಿಯ ಎದುರಿಗೂ ಕೆಂಪು ತಪ್ಪುಗುರುತು, ನಮ್ಮ ಎದುರಿಗೆ ಮಾತ್ರ ಹಸಿರು ಸರಿಗುರುತು. ತಂತ್ರಜ್ಞಾನ ಎಷ್ಟು ಹಣ್ಣಾಗಿದೆ ಎಂದು ಒಂದರಿಂದ ಒಂಬತ್ತರವರೆಗಿನ ಅಳತೆಗೋಲಿನಲ್ಲಿ ಹೇಳಬೇಕು. ಈ ಅಳತೆಗೋಲು ಹುಟ್ಟಿದ್ದು ನಾಸಾದಲ್ಲಿ, ಬಾಹ್ಯಾಕಾಶದ ಸಲಕರಣೆಗಳಿಗಾಗಿ. ಈಗ ಅದರಿಂದಲೇ ಹಸುವಿನ ಮೇವಿಗೆ ಬೆರೆಸುವ ಪುಡಿಯನ್ನೂ ಅಳೆಯುತ್ತಾರೆ. ಕೊನೆಗೆ ಐದು ವರ್ಷದ ವರಮಾನದ ನಕ್ಷೆ. ಅದು ಯಾವಾಗಲೂ ಹಾಕಿ ಕೋಲಿನ ಹಾಗೆ, ಸ್ವಲ್ಪ ದೂರ ನೆಲಕ್ಕೆ ತಾಗಿಕೊಂಡು ಹೋಗಿ ಆಮೇಲೆ ನೆಟ್ಟಗೆ ಆಕಾಶಕ್ಕೆ. ನಾನು ಓದಿದ ಅರ್ಜಿಗಳಲ್ಲಿ ಒಂದರಲ್ಲೂ ನಾಲ್ಕನೇ ವರ್ಷ ಯಾರಿಗೂ ನಷ್ಟವಾಗಿರಲಿಲ್ಲ.

ಸ್ವಲ್ಪ ಹಿನ್ನೆಲೆ. 2014ರಲ್ಲಿ ಶುರುವಾದ ಹೊರೈಜನ್ 2020 ಎಂಬ ಸಂಶೋಧನಾ ಕಾರ್ಯಕ್ರಮದೊಳಗೆ ಎಸ್‌ಎಂಇ ಇನ್‌ಸ್ಟ್ರುಮೆಂಟ್ ಎಂಬ ಯೋಜನೆ ಬಂತು. 250ಕ್ಕಿಂತ ಕಡಿಮೆ ಕೆಲಸಗಾರರಿರುವ ಕಂಪನಿಗಳಿಗೆ ಮಾತ್ರ. ಏಳು ವರ್ಷಕ್ಕೆ ಸುಮಾರು 300 ಕೋಟಿ ಯೂರೋ. ಮೊದಲ ಹಂತದಲ್ಲಿ 50,000 ಯೂರೋ ಇಡಿಗಂಟು. ಎರಡನೇ ಹಂತದಲ್ಲಿ 5 ಲಕ್ಷದಿಂದ 25 ಲಕ್ಷ ಯೂರೋ, ಖರ್ಚಿನ ಶೇ. 70ರಷ್ಟು. ಮಿಕ್ಕ 30 ಕಂಪನಿಯೇ ಹುಡುಕಿಕೊಳ್ಳಬೇಕು. ಅಮೆರಿಕದಲ್ಲಿ 1982ರಿಂದ ನಡೆದುಬಂದ ಎಸ್‌ಬಿಐಆರ್ ಇದರ ಮಾದರಿ. ಅಲ್ಲಿ ದೊಡ್ಡ ಸಂಶೋಧನಾ ಬಜೆಟ್ ಇರುವ ಪ್ರತಿ ಕೇಂದ್ರ ಇಲಾಖೆಯೂ ಅದರ ಒಂದು ಪಾಲನ್ನು ಸಣ್ಣ ಕಂಪನಿಗಳಿಗೆಂದು ತೆಗೆದಿಡಬೇಕೆಂದು ಕಾನೂನೇ ಇದೆ. 2021ರಲ್ಲಿ ಯೂರೋಪಿನ ಯೋಜನೆ ಹೆಸರು ಬದಲಿಸಿಕೊಂಡು ಯೂರೋಪಿಯನ್ ಇನ್ನೊವೇಶನ್ ಕೌನ್ಸಿಲ್, ಅಂದರೆ ಇಐಸಿ, ಎಂಬ ದೊಡ್ಡ ಮನೆಯೊಳಗೆ ಸೇರಿತು. 2021ರಿಂದ 2027ರವರೆಗೆ ಆ ಮನೆಯ ಬಜೆಟ್ 1,010 ಕೋಟಿ ಯೂರೋ.

ದುಡ್ಡು ಜಾಸ್ತಿಯಾಯಿತು ಎಂದು ನಾನು ಸಿಟ್ಟಾಗಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಈ ಅನುದಾನಗಳನ್ನು ಬೈಯಲು ಬಾಯಿ ತೆರೆದ ತಕ್ಷಣ ಪಕ್ಕದಲ್ಲಿ ಬಂದು ಕೂರುವ ಗೆಳೆಯರ ಗುಂಪೊಂದಿದೆ. ಸರ್ಕಾರಕ್ಕೆ ಇದೆಲ್ಲ ಯಾಕೆ, ಒಳ್ಳೆಯ ಯೋಚನೆಗೆ ಮಾರುಕಟ್ಟೆಯೇ ದುಡ್ಡು ಹುಡುಕಿಕೊಡುತ್ತದೆ ಎನ್ನುವವರು. ಅವರ ಜೊತೆ ನಾನಿಲ್ಲ. ಪಹಣಿ ತೋರಿಸಿದರೆ ಬ್ಯಾಂಕು ಸಾಲ ಕೊಡುತ್ತದೆ. ತಲೆಯೊಳಗಿನ ಯೋಚನೆಗೆ ಪಹಣಿ ಇಲ್ಲ. ಅಡವಿಡಲು ಏನೂ ಇಲ್ಲದ, ಗೆಲ್ಲುತ್ತದೋ ಇಲ್ಲವೋ ಗೊತ್ತಿಲ್ಲದ, ಗೆದ್ದರೂ ಅರ್ಧ ಲಾಭ ನಕಲು ಮಾಡುವವರ ಪಾಲಾಗುವ ಕೆಲಸಕ್ಕೆ ಖಾಸಗಿ ದುಡ್ಡು ಬೇಕಾದಷ್ಟು ಬರುವುದಿಲ್ಲ ಎಂದು ರಿಚರ್ಡ್ ನೆಲ್ಸನ್ 1959ರಲ್ಲೂ ಕೆನೆತ್ ಆರೋ 1962ರಲ್ಲೂ ವಾದಿಸಿದ್ದರು. ಆ ವಾದವನ್ನು ಈವರೆಗೆ ಯಾರೂ ನೆಟ್ಟಗೆ ಮುರಿದಿಲ್ಲ. ಮೊಬೈಲ್ ಆಟಗಳಿಂದ ಜಗತ್ತಿನ ತುಂಬ ಹೆಸರಾದ ಹೆಲ್ಸಿಂಕಿಯ ಸೂಪರ್‌ಸೆಲ್ ಕಂಪನಿ ಎಳೆಯದಾಗಿದ್ದಾಗ ಅದರ ಕೈಹಿಡಿದವರಲ್ಲಿ ಫಿನ್ಲೆಂಡ್ ಸರ್ಕಾರದ ಟೆಕೆಸ್ ಸಂಸ್ಥೆಯೂ ಒಂದು. ಎಸ್‌ಎಂಇ ಇನ್‌ಸ್ಟ್ರುಮೆಂಟಿನ ಎರಡನೇ ಹಂತದಲ್ಲಿ ಕೂದಲೆಳೆಯಲ್ಲಿ ಗೆದ್ದವರನ್ನೂ ಕೂದಲೆಳೆಯಲ್ಲಿ ಸೋತವರನ್ನೂ ಹೋಲಿಸಿ ಇಟಲಿಯ ಅರ್ಥಶಾಸ್ತ್ರಜ್ಞರು ಮಾಡಿದ ಅಧ್ಯಯನವೊಂದಿದೆ. ದುಡ್ಡು ಸಿಕ್ಕವರು ಹೆಚ್ಚು ಹೂಡಿದರು, ಹೆಚ್ಚು ಪೇಟೆಂಟ್ ಪಡೆದರು, ಹೊರಗಿನ ಹೂಡಿಕೆದಾರರನ್ನೂ ಹೆಚ್ಚು ಸೆಳೆದರು. ಅದರ ಫಲ ದೊಡ್ಡದಾಗಿ ಕಂಡದ್ದು ಪುಟ್ಟ, ಎಳೆಯ ಕಂಪನಿಗಳಲ್ಲಿ.

ಈಗ ಆ ಕೊನೆಯ ಮಾತನ್ನು ಹಿಡಿದುಕೊಂಡು ಹಿಂದಕ್ಕೆ ಬನ್ನಿ. ದುಡ್ಡು ಹೆಚ್ಚು ಕೆಲಸ ಮಾಡುವುದು ಪುಟ್ಟ, ಎಳೆಯ ಕಂಪನಿಗಳಲ್ಲಿ. ಆ ದುಡ್ಡಿಗೆ ಅರ್ಜಿ ಹಾಕಲು ಏನೇನು ಬೇಕು? ಇಐಸಿಯಲ್ಲಿ ಮೊದಲು ಒಂದು ಚಿಕ್ಕ ಅರ್ಜಿ, ಜೊತೆಗೆ ಹತ್ತು ಸ್ಲೈಡು, ಮೂರು ನಿಮಿಷದ ವಿಡಿಯೊ. ಅದು ದಾಟಿದರೆ ಹತ್ತಾರು ಪುಟಗಳ ಪೂರ್ತಿ ಅರ್ಜಿ, ಅದರ ಬೆನ್ನಿಗೆ ಲೆಕ್ಕದ ಹಾಳೆಗಳು. ಅದೂ ದಾಟಿದರೆ ತೀರ್ಪುಗಾರರ ಮುಂದೆ ಸಂದರ್ಶನ. ನಾಲ್ಕು ಜನರ ಒಂದು ಕಂಪನಿಯಲ್ಲಿ ಇದನ್ನು ಮಾಡುವವರು ಯಾರು? ಪ್ರಯೋಗಾಲಯದಲ್ಲಿ ಇರಬೇಕಾದವರೇ. ಅವರಿಗೆ ಬಿಡುವಿಲ್ಲದಿದ್ದರೆ ಸಲಹಾ ಸಂಸ್ಥೆ. ಸಲಹಾ ಸಂಸ್ಥೆಗೆ ಮುಂಗಡ ಕೊಡಬೇಕು, ಗೆದ್ದರೆ ಶೇಕಡಾವಾರು ಪಾಲು ಕೊಡಬೇಕು. ತೆರಿಗೆ ಕಟ್ಟಿದವರ ದುಡ್ಡಿನ ಒಂದು ತುಂಡು ಹೀಗೆ ವಾಕ್ಯ ತಿದ್ದುವವರ ಜೇಬಿಗೆ ಇಳಿಯುತ್ತದೆ. ನನ್ನ ಜೇಬಿಗೂ ಇಳಿಯಿತು, ಅದರಿಂದ ಬಾಡಿಗೆ ಕಟ್ಟಿದೆ. ನನ್ನ ಕೆಲಸ ನಾನು ಚೆನ್ನಾಗಿಯೇ ಮಾಡಿದೆ ಅನ್ನುವುದೇ ಇಲ್ಲಿನ ತೊಂದರೆ. ಅರ್ಧಂಬರ್ಧ ಇಂಗ್ಲಿಷಿನಲ್ಲಿ ಬರೆದ, ಆದರೆ ಒಳಗೆ ನಿಜವಾದ ಏನೋ ಇದ್ದ ಅರ್ಜಿ ನನ್ನ ಕೈಗೆ ಬರುತ್ತಿತ್ತು. ಒಳಗೆ ಅಷ್ಟೇನೂ ಇಲ್ಲದ ಇನ್ನೊಂದೂ ಬರುತ್ತಿತ್ತು. ನನ್ನ ಕೈಯಿಂದ ಹೊರಟಾಗ ಎರಡೂ ಒಂದೇ ಥರ ಹೊಳೆಯುತ್ತಿದ್ದವು.

2020ರ ಮಾರ್ಚ್ ಸುತ್ತಿನಲ್ಲಿ ಬಂದ ಅರ್ಜಿಗಳು ಸುಮಾರು 4,000. ಹಣ ಸಿಕ್ಕಿದ್ದು ನೂರಕ್ಕೂ ಕಡಿಮೆ ಕಂಪನಿಗಳಿಗೆ. ನಾನು ಕಂಡ ಹಾಗೆ ಒಂದು ಅರ್ಜಿ ಒಬ್ಬ ಮನುಷ್ಯನ ಒಂದು ತಿಂಗಳನ್ನಾದರೂ ತಿನ್ನುತ್ತದೆ. ಆ ಲೆಕ್ಕ ಹಿಡಿದರೆ ಒಂದೇ ಸುತ್ತಿಗೆ 4,000 ತಿಂಗಳು, ಅಂದರೆ 330 ವರ್ಷಕ್ಕೂ ಹೆಚ್ಚಿನ ದುಡಿಮೆ. ಅದರಲ್ಲಿ ಮುಕ್ಕಾಲು ಮೂರು ವೀಸ ಪಾಲು ಸೋತವರದು. ಆ ದುಡಿಮೆಯಿಂದ ಒಂದು ಮೊಳೆಯೂ ತಯಾರಾಗಲಿಲ್ಲ, ಒಂದು ಔಷಧದ ಹನಿಯೂ ಹುಟ್ಟಲಿಲ್ಲ. ಸೋತವರು ಸುಮ್ಮನೆ ಮನೆಗೆ ಹೋಗುವುದೂ ಇಲ್ಲ. ಅದೇ ಅರ್ಜಿಯನ್ನು ಸ್ವಲ್ಪ ಉಜ್ಜಿ ಮುಂದಿನ ಸುತ್ತಿಗೆ ಮತ್ತೆ ಕಳಿಸುತ್ತಾರೆ. ಹೀಗೆ ಮರಳಿ ಬರುವ ಅರ್ಜಿಗಳೇ ಆಡಳಿತದ ಶಕ್ತಿಯನ್ನು ಹೀರುತ್ತಿವೆ ಎಂದು ಯೂರೋಪಿನ ಲೆಕ್ಕಪರಿಶೋಧಕರ ನ್ಯಾಯಾಲಯ 2020ರ ತನ್ನ ವರದಿಯಲ್ಲಿ ದೂರಿತು. ಲೆಕ್ಕಪರಿಶೋಧಕರ ಮಾತು ನಿಜ. ಆದರೆ ಆ ಜನ ಯಾಕೆ ಮರಳಿ ಬರುತ್ತಾರೆ? ಮೊದಲ ಸಲ ‘ಮಾರುಕಟ್ಟೆಯ ಅಧ್ಯಯನ ಅತ್ಯುತ್ತಮ’ ಎಂದು ಬರೆಸಿಕೊಂಡ ಅದೇ ಪುಟ ಎರಡನೇ ಸಲ ‘ದುರ್ಬಲ’ ಎನ್ನಿಸಿಕೊಂಡು ಬಂದದ್ದನ್ನು ನಾನೇ ನೋಡಿದ್ದೇನೆ. ಒಂದಕ್ಷರ ಬದಲಾಗಿರಲಿಲ್ಲ. ಇದನ್ನು ಕಂಡ ಯಾವ ಬುದ್ಧಿವಂತನಾದರೂ ಮೂರನೇ ಸಲ ಕಳಿಸುತ್ತಾನೆ. ಲಾಟರಿ ಎಂದು ಅವನಿಗೆ ಅರ್ಥವಾಗಿರುತ್ತದೆ. ಅರ್ಥವಾಗದಿರುವುದು ಲಾಟರಿ ನಡೆಸುವವರಿಗೆ.

ಅರ್ಹರಾಗಿಯೂ ದುಡ್ಡು ಸಿಗದವರಿಗೆ ಒಂದು ಸಮಾಧಾನದ ಬಹುಮಾನವಿದೆ. 2015ರಲ್ಲಿ ಶುರುವಾದ ಅದರ ಹೆಸರು ‘ಉತ್ಕೃಷ್ಟತೆಯ ಮುದ್ರೆ’. ನೀವು ತೇರ್ಗಡೆಯಾಗಿದ್ದೀರಿ, ನಮ್ಮಲ್ಲಿ ದುಡ್ಡಿಲ್ಲ, ಈ ಪ್ರಮಾಣಪತ್ರ ಹಿಡಿದುಕೊಂಡು ನಿಮ್ಮ ದೇಶದ ಅಥವಾ ಪ್ರಾಂತ್ಯದ ಸರ್ಕಾರವನ್ನು ಕೇಳಿ ಎಂದು ಅದರರ್ಥ. ಕೆಲವು ಪ್ರಾಂತ್ಯಗಳು ಕೊಟ್ಟವು, ಹಲವು ಕೊಡಲಿಲ್ಲ. ನಮ್ಮಲ್ಲಿ ಗ್ರಂಥಾಲಯದ ಸಗಟು ಖರೀದಿಗೆ ಪುಸ್ತಕ ಆಯ್ಕೆಯಾಗಿದೆ ಎಂಬ ಪತ್ರ ಕೈಯಲ್ಲಿ ಹಿಡಿದು ವರ್ಷಗಟ್ಟಲೆ ದುಡ್ಡಿಗೆ ಕಾಯುವ ಪ್ರಕಾಶಕರಿಗೆ ಈ ಮುದ್ರೆಯ ಬೆಲೆ ಹೇಳಿಕೊಡಬೇಕಿಲ್ಲ.

ಮೌಲ್ಯಮಾಪಕರು ದಡ್ಡರು ಅಥವಾ ಭ್ರಷ್ಟರು ಎಂಬ ಸುಲಭದ ದಾರಿ ನನಗೆ ಬೇಡ. ನಾನು ಮಾತಾಡಿಸಿದವರೆಲ್ಲ ಪ್ರಾಮಾಣಿಕರೇ. ಅವರಿಗೆ ಒಪ್ಪಿಸಿದ ಕೆಲಸ ಮನುಷ್ಯರಿಂದ ಆಗುವಂಥದ್ದಲ್ಲ. ಕೆಟ್ಟದ್ದನ್ನು ಒಳ್ಳೆಯದರಿಂದ ಬೇರ್ಪಡಿಸಬಹುದು, ಅದು ಆಗುತ್ತದೆ. ಆದರೆ ಹದಿನೈದಕ್ಕೆ ಹದಿಮೂರೂವರೆಯವನನ್ನು ಹದಿಮೂರೂಮುಕ್ಕಾಲಿನವನಿಂದ ಬೇರ್ಪಡಿಸಿ, ಇವನು ಗೆಲ್ಲುತ್ತಾನೆ, ಅವನು ಮುಳುಗುತ್ತಾನೆ ಎಂದು ಹೇಳುವುದು ಪಂಚಾಂಗದವರ ಕೆಲಸ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕ್ಯಾನ್ಸರ್ ಸಂಶೋಧನೆಯ 25 ಅರ್ಜಿಗಳನ್ನು 43 ವಿಮರ್ಶಕರಿಗೆ ಹಂಚಿ, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಪದ್ಧತಿಯಲ್ಲೇ ಅಂಕ ಹಾಕಿಸಿದರು. ಒಂದೇ ಅರ್ಜಿಯನ್ನು ಓದಿದವರ ಅಂಕಗಳ ನಡುವಿನ ಹೋಲಿಕೆ, ಬೇರೆ ಬೇರೆ ಅರ್ಜಿಗಳನ್ನು ಓದಿದವರ ಅಂಕಗಳ ನಡುವಿನ ಹೋಲಿಕೆಗಿಂತ ಒಂದಿಷ್ಟೂ ಹೆಚ್ಚಿರಲಿಲ್ಲ. ಅವು ಮೊದಲೇ ಅನುದಾನ ಗೆದ್ದಿದ್ದ ಒಳ್ಳೆಯ ಅರ್ಜಿಗಳು, ಮತ್ತು ವಿಜ್ಞಾನದ ಅರ್ಜಿಗಳು, ವ್ಯಾಪಾರದವಲ್ಲ ಎಂಬುದು ನೆನಪಿರಲಿ. ಆದರೆ ವ್ಯಾಪಾರದ ಭವಿಷ್ಯ ವಿಜ್ಞಾನದ ಭವಿಷ್ಯಕ್ಕಿಂತ ಸುಲಭವಾಗಿ ಕಾಣುತ್ತದೆ ಎನ್ನುವ ಧೈರ್ಯ ಯಾರಿಗಿದೆ?

ಒಂದು ನಿಜವಾದ ಕಥೆ ಇಲ್ಲಿ ಹೇಳಬೇಕು. ಟ್ಯೂಬಿಂಗನ್ ಎಂಬ ಊರು ಕನ್ನಡದವರಿಗೆ ಪೂರ್ತಿ ಅಪರಿಚಿತವಲ್ಲ. ನಿಘಂಟಿನ ಕಿಟೆಲ್ ತೀರಿಕೊಂಡದ್ದು ಅಲ್ಲೇ, 1903ರಲ್ಲಿ. ಅದೇ ಊರಿನ ಕ್ಯೂರ್‌ವ್ಯಾಕ್ ಎಂಬ ಕಂಪನಿಗೆ ಯೂರೋಪಿಯನ್ ಆಯೋಗ 2014ರಲ್ಲಿ 20 ಲಕ್ಷ ಯೂರೋಗಳ ಬಹುಮಾನ ಕೊಟ್ಟಿತು. ಎಂಆರ್‌ಎನ್‌ಎ ಬಳಸಿ, ಫ್ರಿಜ್ಜಿನ ಹಂಗಿಲ್ಲದೆ ಉಳಿಯುವ ಲಸಿಕೆಗಳತ್ತ ಅವರು ಮಾಡಿದ್ದ ಕೆಲಸಕ್ಕೆ. ಎಂಥ ದೂರದೃಷ್ಟಿ ನೋಡಿ! ಆರು ವರ್ಷದ ನಂತರ ಇಡೀ ಜಗತ್ತು ಎಂಆರ್‌ಎನ್‌ಎ ಎಂಬ ಅಕ್ಷರಗಳನ್ನು ಬಾಯಿಪಾಠ ಮಾಡಿತು. ಆದರೆ ಕೋವಿಡ್ಡಿಗೆ ಲಸಿಕೆ ತಂದದ್ದು ಕ್ಯೂರ್‌ವ್ಯಾಕ್ ಅಲ್ಲ. 2021ರ ಪರೀಕ್ಷೆಯಲ್ಲಿ ಅದರ ಲಸಿಕೆಯ ಪರಿಣಾಮ ಶೇ. 48ಕ್ಕೆ ನಿಂತಿತು, ಆ ವರ್ಷವೇ ಕಂಪನಿ ಅದನ್ನು ಕೈಬಿಟ್ಟಿತು. ಲಸಿಕೆ ಬಂದದ್ದು ಇನ್ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಮೈನ್ಸ್ ಊರಿನ ಬಯೋಎನ್‌ಟೆಕ್‌ನಿಂದ. ಅದಕ್ಕೂ ಸಾರ್ವಜನಿಕ ದುಡ್ಡಿನ ಆಸರೆಯಿತ್ತು. ಯೂರೋಪಿಯನ್ ಹೂಡಿಕೆ ಬ್ಯಾಂಕು 2020ರ ಜೂನ್‌ನಲ್ಲಿ 10 ಕೋಟಿ ಯೂರೋವರೆಗೆ ಸಾಲ ಒಪ್ಪಿತು, ಜರ್ಮನ್ ಸರ್ಕಾರ ಅದೇ ವರ್ಷ 37.5 ಕೋಟಿ ಯೂರೋ ಅನುದಾನ ಒಪ್ಪಿತು. 2025ರಲ್ಲಿ ಬಯೋಎನ್‌ಟೆಕ್, ಕ್ಯೂರ್‌ವ್ಯಾಕ್ ಅನ್ನೇ ಕೊಳ್ಳುವುದಾಗಿ ಘೋಷಿಸಿತು.

2014ರ ತೀರ್ಪುಗಾರರು ತಪ್ಪಿದರೇ? ನನ್ನ ಪ್ರಕಾರ ಇಲ್ಲ. ಅವರು ಹೊಲವನ್ನು ಸರಿಯಾಗಿ ಗುರುತಿಸಿದರು. ಆ ಹೊಲದಲ್ಲಿ ಯಾವ ಸಾಲು ಫಲ ಕೊಡುತ್ತದೆ ಎಂದು ಹೇಳಲು ಅವರಿಂದ ಆಗುತ್ತಿರಲಿಲ್ಲ, ಯಾರಿಂದಲೂ ಆಗುತ್ತಿರಲಿಲ್ಲ. ಹಾಗಾದರೆ ಸಾರ್ವಜನಿಕ ದುಡ್ಡು ಹಂಚುವವರು ಮಾಡಬೇಕಾದ್ದು ಹೊಲಕ್ಕೆ ಅಗಲವಾಗಿ ಬಿತ್ತುವುದು. ಬ್ರಸೆಲ್ಸ್ ಹೋಗುತ್ತಿರುವುದು ಉಲ್ಟಾ ದಿಕ್ಕಿನಲ್ಲಿ.

50,000 ಯೂರೋಗಳ ಆ ಮೊದಲ ಹಂತವನ್ನೇ ನೋಡಿ. 2019ರಲ್ಲಿ ಅದನ್ನು ನಿಲ್ಲಿಸಿದರು. ಸಣ್ಣ ಮೊತ್ತ, ಸಾವಿರಾರು ಅರ್ಜಿ, ಆಡಳಿತದ ಖರ್ಚು ಜಾಸ್ತಿ ಎಂಬ ದೂರಿತ್ತು. ಆ ಹಂತ ಅಂಥಾ ಸೊಗಸಾಗಿತ್ತು ಎಂದು ನಾನು ಹೇಳಲಾರೆ. ಆ ದುಡ್ಡಿನಿಂದ ಕಂಪನಿ ಮಾಡಬೇಕಿದ್ದದ್ದು ಕಾರ್ಯಸಾಧ್ಯತೆಯ ವರದಿ. ಅಂದರೆ ಬರೆದದ್ದಕ್ಕೆ ಬಹುಮಾನವಾಗಿ ಇನ್ನಷ್ಟು ಬರೆಯಲು ದುಡ್ಡು! ಅಮೆರಿಕದ ಇಂಧನ ಇಲಾಖೆಯ ಎಸ್‌ಬಿಐಆರ್ ಮೊದಲ ಹಂತದಲ್ಲಿ ಕೊಡುತ್ತಿದ್ದ ಒಂದೂವರೆ ಲಕ್ಷ ಡಾಲರಿನಿಂದ ಕಂಪನಿಗಳು ಮಾದರಿ ಯಂತ್ರ ಕಟ್ಟಿ ಪರೀಕ್ಷಿಸಬಹುದಿತ್ತು. ಆ ಚಿಕ್ಕ ಮೊತ್ತ ಸಿಕ್ಕವರಿಗೆ ಮುಂದೆ ಖಾಸಗಿ ಹೂಡಿಕೆ ಸಿಗುವ ಸಂಭವ ಹೆಚ್ಚುಕಡಿಮೆ ಇಮ್ಮಡಿಯಾಯಿತು ಎಂದು ಸಬ್ರೀನಾ ಹಾವೆಲ್ 2017ರಲ್ಲಿ ತೋರಿಸಿದರು. ಎರಡನೇ ಹಂತದ ಹತ್ತು ಲಕ್ಷ ಡಾಲರಿಗೆ ಅಂಥ ಪರಿಣಾಮ ಕಾಣಲಿಲ್ಲ. ಯೂರೋಪ್ ತನ್ನ ಮೊದಲ ಹಂತವನ್ನು ತಿದ್ದಬಹುದಿತ್ತು. ತಿದ್ದುವ ಬದಲು ಕಿತ್ತುಹಾಕಿತು.

2021ರಿಂದ ಬಂದದ್ದು ಇನ್ನೂ ದೊಡ್ಡ ಮೊತ್ತ, ಇನ್ನೂ ಕಡಿಮೆ ಕಂಪನಿ. 25 ಲಕ್ಷದವರೆಗೆ ಅನುದಾನ, ಅದರ ಜೊತೆಗೆ 5 ಲಕ್ಷದಿಂದ ಒಂದೂವರೆ ಕೋಟಿ ಯೂರೋವರೆಗೆ ಷೇರು ಬಂಡವಾಳ. ಅಂದರೆ ಆಯೋಗವೇ ಈಗ ಪಾಲುದಾರ. ಈ ಆಸೆ ಆಯೋಗಕ್ಕೆ ಎಲ್ಲಿಂದ ಬಂತೋ ಕಾಣೆ. ಆಗಿದ್ದಿಷ್ಟು: ಷೇರು ಬಂಡವಾಳವನ್ನು ಹೇಗೆ ನಿರ್ವಹಿಸಬೇಕು, ಯಾರು ನಿರ್ವಹಿಸಬೇಕು ಎಂಬ ಒಳಜಗಳದಲ್ಲಿ 2021ರಲ್ಲಿ ಆಯ್ಕೆಯಾದ ಕಂಪನಿಗಳು 2022ರಲ್ಲೂ ದುಡ್ಡಿಗೆ ಕಾದವು. ಯೂರೋಪಿಯನ್ ಸಂಸತ್ತು 2022ರ ನವೆಂಬರ್‌ನಲ್ಲಿ ಈ ವಿಳಂಬವನ್ನು ಟೀಕಿಸಿ ನಿರ್ಣಯ ಮಾಡಬೇಕಾಯಿತು. ಎಂಟು ಜನಕ್ಕೆ ಸಂಬಳ ಕೊಡಬೇಕಾದ ಕಂಪನಿಗೆ ಒಂದು ವರ್ಷ ಅಂದರೆ ಏನೆಂದು ಸಂಸತ್ತಿನ ನಿರ್ಣಯದಲ್ಲಿ ಬರೆಯಲು ಬರುವುದಿಲ್ಲ. 2024ರಲ್ಲಿ ಮಾರಿಯೊ ದ್ರಾಘಿ ತಮ್ಮ ದಪ್ಪ ವರದಿಯಲ್ಲಿ ಇಐಸಿಯನ್ನು ಅಮೆರಿಕದ ಡಾರ್ಪಾಗೆ ಹೋಲಿಸಿ, ದುಡ್ಡು ಸಾಲದು, ಅಧಿಕಾರಿಗಳ ಬದಲು ವಿಷಯ ತಿಳಿದ ವಿಜ್ಞಾನಿಗಳು ನಡೆಸಬೇಕು ಎಂದರು. ಎರಡನೇ ಮಾತು ಅರ್ಧ ಸರಿ. ವಿಷಯ ತಿಳಿದವರು ಬೇಕು, ಹೊಲ ಗುರುತಿಸಲು. ಸಾಲು ಆರಿಸಲು ಅವರೂ ಅಸಮರ್ಥರು ಎಂಬುದನ್ನು ಟ್ಯೂಬಿಂಗನ್ನಿನ ಕಥೆ ಹೇಳಿಯಾಯಿತು.

ನಾನು ಕೇಳುತ್ತಿರುವುದು ಇದು. ಐದು ಪುಟದ ಅರ್ಜಿ. ಅದರಲ್ಲಿ ನೀವು ಈವರೆಗೆ ಏನು ಮಾಡಿದ್ದೀರಿ, ಮುಂದೆ ಯಾವ ಒಂದು ಪ್ರಯೋಗ ಮಾಡುತ್ತೀರಿ ಎಂಬುದು ಮಾತ್ರ ಇರಲಿ. ಐದು ವರ್ಷದ ವರಮಾನದ ನಕ್ಷೆ ಬೇಡ. ಯಾವ ಯೂರೋಪಿಯನ್ ಭಾಷೆಯಲ್ಲಾದರೂ ಬರೆಯಲಿ. ತಜ್ಞರು ಓದಿ ಕಳಪೆಯನ್ನು, ಮೋಸವನ್ನು, ಅಸಾಧ್ಯವನ್ನು ತೆಗೆದುಹಾಕಲಿ. ಉಳಿದವರ ಹೆಸರು ಬರೆದು ಚೀಟಿ ಎತ್ತಲಿ. ಒಂದೂವರೆ ಲಕ್ಷ ಯೂರೋ, ಹೆಚ್ಚು ಕಂಪನಿಗಳಿಗೆ. ದೊಡ್ಡ ಮೊತ್ತ ಆಮೇಲೆ, ಪ್ರಯೋಗದ ಫಲಿತಾಂಶ ಕೈಯಲ್ಲಿ ಹಿಡಿದು ಬಂದವರಿಗೆ. ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಸಹಾಯಧನ ಕೊಡುವಾಗ ಹಸ್ತಪ್ರತಿಯನ್ನೇ ತರಿಸಿಕೊಳ್ಳುತ್ತದೆ. ನಾನೊಂದು ಶ್ರೇಷ್ಠ ಕಾದಂಬರಿ ಬರೆಯಲಿದ್ದೇನೆ, ಐದನೇ ವರ್ಷಕ್ಕೆ ಅದರ ಹದಿನೆಂಟು ಮುದ್ರಣ ಆಗಲಿದೆ ಎಂಬ ಸ್ಲೈಡುಗಳನ್ನಲ್ಲ.

ಚೀಟಿ ಎಂದ ಕೂಡಲೇ ನಗು ಬರುತ್ತದೆ. ಆದರೆ ಗಂಭೀರ ಜನರೇ ಇದನ್ನು ಮಾಡುತ್ತಿದ್ದಾರೆ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ ಹೊಸ ಬಗೆಯ ಸಂಶೋಧನೆಗೆಂದೇ ಇರುವ ಒಂದು ಅನುದಾನವನ್ನು 2013ರಿಂದ ಹೀಗೇ ಹಂಚುತ್ತಿದೆ. ಜರ್ಮನಿಯ ಫೋಕ್ಸ್‌ವಾಗನ್ ಪ್ರತಿಷ್ಠಾನ 2017ರಲ್ಲಿ ತನ್ನ ಒಂದು ಯೋಜನೆಯಲ್ಲಿ ಭಾಗಶಃ ಚೀಟಿ ಪದ್ಧತಿ ತಂದಿತು. ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಸರಿಸಮ ನಿಂತವರ ನಡುವೆ ಚೀಟಿ ಎತ್ತುತ್ತದೆ. ಬ್ರಿಟಿಷ್ ಅಕಾಡೆಮಿ ತನ್ನ ಸಣ್ಣ ಅನುದಾನಗಳಿಗೆ 2022ರಿಂದ ಇದನ್ನು ಪ್ರಯೋಗಿಸುತ್ತಿದೆ.

ಸಾರ್ವಜನಿಕ ದುಡ್ಡಿನಲ್ಲಿ ಜೂಜೇ ಎಂದು ಕೇಳುವವರಿಗೆ ನನ್ನ ಉತ್ತರ, ಜೂಜು ಈಗಾಗಲೇ ನಡೆಯುತ್ತಿದೆ, ಪ್ರವೇಶ ಶುಲ್ಕ ಮಾತ್ರ ವಿಪರೀತ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅಮೆರಿಕದಲ್ಲಿ ಎಸ್‌ಬಿಐಆರ್ ಅನುದಾನವನ್ನೇ ಕಸುಬು ಮಾಡಿಕೊಂಡು, ಒಂದರ ಮೇಲೊಂದು ಗೆಲ್ಲುತ್ತ, ಮಾರುಕಟ್ಟೆಗೆ ಏನನ್ನೂ ತಾರದ ಕಂಪನಿಗಳು ಬೆಳೆದವು. ಅವನ್ನು ಅಲ್ಲಿ ‘ಗಿರಣಿ’ ಎನ್ನುತ್ತಾರೆ. ಚೀಟಿ ಇಟ್ಟರೆ ಇಂಥವರು ನೂರು ಹೆಸರಿನಲ್ಲಿ ಚೀಟಿ ಹಾಕುವುದಿಲ್ಲವೇ? ಹಾಕಲು ನೋಡುತ್ತಾರೆ. ಒಬ್ಬರಿಗೆ ಒಂದೇ ಚೀಟಿ, ಗೆದ್ದವರು ಇಂತಿಷ್ಟು ವರ್ಷ ಮತ್ತೆ ಬರುವಂತಿಲ್ಲ ಎಂಬ ನಿಯಮ ಬೇಕು, ಕಂಪನಿಯ ನಿಜವಾದ ಒಡೆಯ ಯಾರೆಂದು ನೋಡುವ ಗುಮಾಸ್ತರೂ ಬೇಕು. ಆದರೆ ಗಿರಣಿಗಳು ಹುಟ್ಟಿದ್ದು ಚೀಟಿಯಿಂದಲ್ಲ. ಅರ್ಜಿ ಬರೆಯುವ ಕೌಶಲಕ್ಕೆ ದುಡ್ಡು ಸಿಗುತ್ತದೆ ಎಂಬ ವ್ಯವಸ್ಥೆಯಿಂದ ಎಂಬುದನ್ನೂ ಮರೆಯಬಾರದು. ಗೆರೆ ದಾಟಿದ ಮೇಲೆ ಕಾಲು ಅಂಕಕ್ಕೆ ಬೆಲೆಯೇ ಇಲ್ಲವೆಂದಾದರೆ, ಆ ಕಾಲು ಅಂಕವನ್ನು ಮಾರುವ ಸಲಹಾ ಸಂಸ್ಥೆಗೂ, ಅಲ್ಲಿ ಇಂಗ್ಲಿಷ್ ತಿದ್ದುವ ನನ್ನಂಥವರಿಗೂ ಬೇರೆ ಕೆಲಸ ಹುಡುಕಬೇಕಾಗುತ್ತದೆ. ಹುಡುಕಿಕೊಳ್ಳುತ್ತೇವೆ.

ಪ್ರತಿಭೆಗೆ ಇದು ಅವಮಾನ ಎನ್ನುವವರೂ ಇದ್ದಾರೆ. ಚೀಟಿಯಲ್ಲಿ ಸೋತವನಿಗೆ ‘ನಿನ್ನ ಚೀಟಿ ಬರಲಿಲ್ಲ’ ಎಂದಷ್ಟೇ ಹೇಳುತ್ತಾರೆ. ಈಗ ಸೋತವನಿಗೆ ಅವನ ತಂಡ ದುರ್ಬಲ, ಯೋಚನೆ ಹಳತು ಎಂದು ಕಾರಣ ಹೊಂದಿಸಿ ವರದಿ ಕಳಿಸುತ್ತಾರೆ. ಯಾವುದು ಹೆಚ್ಚು ಅವಮಾನ?

ಇದು ದೂರದ ಮಾತಲ್ಲ ಎಂದು ನೆನಪಿಸಲು ಒಂದು ಸಣ್ಣ ತಿರುವು. ಕರ್ನಾಟಕ ಸರ್ಕಾರ 2017ರಿಂದ ‘ಎಲಿವೇಟ್’ ಎಂಬ ಯೋಜನೆಯಲ್ಲಿ ಸ್ಟಾರ್ಟಪ್‌ಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತಿದೆ. ಅಲ್ಲೂ ತೀರ್ಪುಗಾರರ ಮುಂದೆ ಸ್ಲೈಡು ಹಿಡಿದು ನಿಲ್ಲಬೇಕು. ಬೆಂಗಳೂರಿನ ಹುಡುಗ ಮೂರು ನಿಮಿಷದಲ್ಲಿ ಹೇಳಿ ಮುಗಿಸುವುದನ್ನು ರಾಯಚೂರಿನ ಹುಡುಗಿ ಹತ್ತು ನಿಮಿಷ ತಡವರಿಸಿ ಹೇಳಿದರೆ, ಅಂಕ ಯಾರಿಗೆ ಬೀಳುತ್ತದೆಂದು ಊಹಿಸಲು ಪಿಎಚ್‌ಡಿ ಬೇಕಿಲ್ಲ.

ಚೀಟಿಗೆ ಇನ್ನೊಂದು ಗುಣವಿದೆ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಅದೃಷ್ಟದಿಂದ ಗೆದ್ದವರನ್ನೂ ಅದೃಷ್ಟದಿಂದ ಸೋತವರನ್ನೂ ಐದು ವರ್ಷದ ಮೇಲೆ ಹೋಲಿಸಿದರೆ ಆ ದುಡ್ಡು ಏನು ಮಾಡಿತು ಎಂದು ಶುದ್ಧವಾಗಿ ಗೊತ್ತಾಗುತ್ತದೆ. ನೆದರ್ಲೆಂಡ್ಸ್ 2004ರಲ್ಲಿ ಇದನ್ನು ಮಾಡಿಬಿಟ್ಟಿದೆ. ಸಣ್ಣ ಕಂಪನಿಗಳು ಸಂಶೋಧನಾ ಸಂಸ್ಥೆಗಳ ಬಳಿ ಹೋಗಿ ಕೆಲಸ ಮಾಡಿಸಿಕೊಳ್ಳಲೆಂದು 7,500 ಯೂರೋಗಳ 100 ವೋಚರುಗಳು, ಸಾವಿರಕ್ಕೂ ಹೆಚ್ಚು ಅರ್ಜಿಗಳು, ಚೀಟಿ ಎತ್ತಿ ಹಂಚಿಕೆ. ಆಮೇಲೆ ಹೋಲಿಸಿ ನೋಡಿದಾಗ, ಹತ್ತರಲ್ಲಿ ಎಂಟು ವೋಚರುಗಳು ಅದಿಲ್ಲದಿದ್ದರೆ ನಡೆಯುತ್ತಲೇ ಇರಲಿಲ್ಲ ಎನ್ನುವಂಥ ಕೆಲಸಕ್ಕೆ ಬಳಕೆಯಾಗಿದ್ದವು. ಕೆಲವು ವರ್ಷದ ನಂತರ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಸ್ಟಾ ಸಂಸ್ಥೆ ಇಂಥದೇ ಪ್ರಯೋಗ ಮಾಡಿತು. ವಿನ್ಯಾಸಕಾರರು, ಜಾಹೀರಾತಿನವರು ಮುಂತಾದವರಿಂದ ಕೆಲಸ ಮಾಡಿಸಿಕೊಳ್ಳಲು ಸಣ್ಣ ಕಂಪನಿಗಳಿಗೆ 4,000 ಪೌಂಡ್, ಅದೂ ಚೀಟಿಯಿಂದ. ಆರು ತಿಂಗಳಿಗೆ ಒಳ್ಳೆಯ ಫಲ ಕಂಡಿತು, ಒಂದು ವರ್ಷವಾಗುವಷ್ಟರಲ್ಲಿ ಗೆದ್ದವರಿಗೂ ಸೋತವರಿಗೂ ವ್ಯತ್ಯಾಸವೇ ಉಳಿದಿರಲಿಲ್ಲ. ನೆಸ್ಟಾ ಅದನ್ನೂ ಅಚ್ಚುಹಾಕಿತು. ಸಾವಿರ ಕೋಟಿ ಯೂರೋ ಹಂಚುತ್ತಿರುವ ಇಐಸಿ ಇಂಥ ಒಂದು ಸುತ್ತನ್ನಾದರೂ ನಡೆಸಬಹುದು. 2028ರಿಂದ ಮುಂದಿನ ಬಜೆಟ್ಟಿನ ಚೌಕಾಸಿ ಬ್ರಸೆಲ್ಸ್‌ನಲ್ಲಿ ಈಗಲೇ ನಡೆದಿದೆ, ಮತ್ತು ಅಲ್ಲಿ ಕೇಳಿಬರುತ್ತಿರುವುದೆಲ್ಲ ಎಷ್ಟು ಎಂಬ ಪ್ರಶ್ನೆ. ಹೇಗೆ ಎಂಬ ಪ್ರಶ್ನೆಗೆ ಒಂದು ಖಾಲಿ ಡಬ್ಬಿ, ನೂರು ಚೀಟಿ ಸಾಕು.